ಒಂದೇ ಹೆಸರು, ಎರಡು ಲೆಕ್ಕ

ಒಂದೇ ತರಗತಿಯಲ್ಲಿ ಇಬ್ಬರು ಕಮಲೆಯರಿದ್ದರೆ ಉಪಾಧ್ಯಾಯಿನಿಯವರು ಹಾಜರಿ ಪುಸ್ತಕದಲ್ಲಿ ತಂದೆಯ ಹೆಸರಿನ ಮೊದಲಕ್ಷರವನ್ನು ಸೇರಿಸಿ ಬರೆಯುತ್ತಿದ್ದುದು ನಮ್ಮ ಹಳೆಯ ವಿದ್ಯಾರ್ಥಿನಿಯರೆಲ್ಲರಿಗೂ ನೆನಪಿರುವುದಷ್ಟೆ. ಗಣಕಯಂತ್ರವು ಈ ಎಚ್ಚರಿಕೆಯನ್ನು ಬಿಟ್ಟರೆ ಏನಾಗುವುದೆಂಬುದನ್ನು ಇಲ್ಲಿ ವಿವರಿಸುವೆನು.

ಪ್ರೋಗ್ರಾಮಿನಲ್ಲಿ ಪ್ರತಿಯೊಂದು ಮೊತ್ತಕ್ಕೂ ಒಂದು ಹೆಸರುಂಟು. ಬೀಜಗಣಿತದಲ್ಲಿ ಇದನ್ನೇ ಚರಾಕ್ಷರವೆನ್ನುವೆವು. ಅಡಿಗೆಮನೆಯ ಭರಣಿಗೆ ಅಂಟಿಸಿದ ಚೀಟಿಯಂತೆ ಅದು. ಆದರೆ ಈ ಭರಣಿಯಲ್ಲಿ ಹೊಸದನ್ನು ಹಾಕಿದೊಡನೆ ಹಳೆಯದು ಮಾಯವಾಗುವುದು.

ಈಗ ವೆಬ್ ಪುಟಗಳ ಪ್ರೋಗ್ರಾಮನ್ನು ಕೈಯಿಂದಲೇ ಬರೆಯಬೇಕೆಂದಿಲ್ಲ. ಕಲಮುಗಳ ಹೆಸರನ್ನು ಕೊಟ್ಟರೆ ಮತ್ತೊಂದು ಪ್ರೋಗ್ರಾಮೇ ಅದನ್ನು ಬರೆದುಕೊಡುವುದು. ಇದನ್ನು ಲಿಪಿಕಾರನೆಂದು ಕರೆಯೋಣ. ಲಿಪಿಕಾರನು ಶ್ರಮಜೀವಿ, ಆದರೆ ಹಿಂದಿನ ಸಾಲಿನಲ್ಲಿ ಏನು ಬರೆದೆನೆಂದು ತಿರುಗಿ ನೋಡುವ ಅಭ್ಯಾಸವನ್ನು ಕಲಿಸದಿದ್ದರೆ ತಾನಾಗಿ ನೋಡುವವನಲ್ಲ.

ಶಾಲೆಯೊಂದರ ಶುಲ್ಕದ ಪುಟವನ್ನು ಹೀಗೆ ಸಿದ್ಧಪಡಿಸುವಾಗ ನಾನು ನೆರವಾಗಿದ್ದೆನು. ಮೊದಲ ದಿನವೇ ಪುಟವು ತೆರೆಯಲಿಲ್ಲ. ಇಂಗ್ಲಿಷಿನಲ್ಲಿ ‘ಕ್ಲಾಸ್’ ಎಂದು ಹೆಸರಿಟ್ಟ ಕಲಮೇ ಕಾರಣ. ಜಾವಾಸ್ಕ್ರಿಪ್ಟ್ ಭಾಷೆಯು ಆ ಶಬ್ದವನ್ನು ತನ್ನ ಉಪಯೋಗಕ್ಕೆ ಕಾದಿರಿಸಿಕೊಂಡಿದೆ. ಒಡನೆ ಗೊತ್ತಾದ ತಪ್ಪು ಒಡನೆ ತಿದ್ದಲ್ಪಟ್ಟಿತು.

ಎರಡನೆಯ ತಪ್ಪು ಸದ್ದುಮಾಡಲಿಲ್ಲ. ಚಿತ್ರಕಲೆಯ ಶುಲ್ಕಕ್ಕೆ ‘ಕಲೆ’ ಎಂದೂ, ಬಡ ಮಕ್ಕಳ ರಿಯಾಯಿತಿಯನ್ನು ಕಳೆಯುವ ಕಲಮಿಗೆ ‘ಕಳೆ’ ಎಂದೂ ಹೆಸರಿತ್ತು. ಲಿಪಿಕಾರನು ಇವನ್ನು ರೋಮನ್ ಲಿಪಿಗೆ ತಿರುಗಿಸಿದನು. ಅಲ್ಲಿ ಲಕಾರ ಳಕಾರಗಳಿಗೆ ಬೇರೆ ಬೇರೆ ಅಕ್ಷರಗಳೆಲ್ಲಿವೆ? ಎರಡು ಭರಣಿಗೂ ಒಂದೇ ಚೀಟಿಯಾಯಿತು. 1995ರಲ್ಲಿ ಹುಟ್ಟಿದ ಜಾವಾಸ್ಕ್ರಿಪ್ಟಿನ ‘ವಾರ್’ ಎಂಬ ಹಳೆಯ ಕ್ರಮದಲ್ಲಿ ಒಂದೇ ಹೆಸರನ್ನು ಎರಡು ಸಲ ಘೋಷಿಸಿದರೂ ಆಕ್ಷೇಪವಿಲ್ಲ.

ಒಬ್ಬ ಹುಡುಗಿಯ ಪಾಠದ ಶುಲ್ಕ 3000 ರೂಪಾಯಿ, ಕಲೆಗೆ 200, ರಿಯಾಯಿತಿ 500. ಸಲ್ಲತಕ್ಕದ್ದು 2700. ಆದರೆ 200ರ ಸ್ಥಾನದಲ್ಲಿ 500 ಬಂದು ಕೂತಿತು. 500ನ್ನು ಕೂಡಿಸಿ ಅದನ್ನೇ ಕಳೆದು ಯಂತ್ರವು 3000 ಕೇಳಿತು. ರಿಯಾಯಿತಿಯೇ ಇಲ್ಲವಾಯಿತು! ಗುಮಾಸ್ತರು ಯಂತ್ರ ತಪ್ಪುವುದಿಲ್ಲವೆಂದರು. ತಾಯಿಯು ರಸೀದಿಯ ಸಾಲನ್ನು ಬೆರಳಿನಿಂದ ತೋರಿಸಿ, “ಚಿತ್ರ ಬರೆಯುವುದಕ್ಕೆ ಐನೂರೇಕೆ ಸ್ವಾಮಿ?” ಎಂದು ಕೇಳಿದರು. ಆಗ ಹುಡುಕಿದೆವು. ರಿಯಾಯಿತಿ ಇಲ್ಲದ ಮಕ್ಕಳ ಕಲೆಯ ಶುಲ್ಕವು ಸೊನ್ನೆಯಾಗಿತ್ತು. ಅದಕ್ಕಾಗಿ ಮಾತ್ರ ಯಾರೂ ದೂರು ತಂದಿರಲಿಲ್ಲ.

ಇದಕ್ಕೆ ಪರಿಹಾರವು ಹೊಸದೇನಲ್ಲ. ಲಿಸ್ಪ್ ಭಾಷೆಯನ್ನು ಬಳಸುವವರು ಯಾರೂ ಇಟ್ಟಿರದ ಹೆಸರನ್ನು ಯಂತ್ರದಿಂದಲೇ ಹುಟ್ಟಿಸಿಕೊಳ್ಳುವ ಉಪಾಯವನ್ನು ಬಹುಕಾಲದಿಂದ ಬಲ್ಲರು. 1986ರಲ್ಲಿ ಕೋಲ್‌ಬೆಕರ್ ಮೊದಲಾದ ನಾಲ್ವರು ವಿದ್ವಾಂಸರು, ಯಂತ್ರವು ಸೇರಿಸುವ ಹೆಸರುಗಳು ಮನುಷ್ಯನಿಟ್ಟ ಹೆಸರುಗಳೊಡನೆ ಬೆರೆಯದಂತೆ ಮಾಡುವ ಕ್ರಮವನ್ನು ಪ್ರಕಟಿಸಿದರು. ಜಾವಾಸ್ಕ್ರಿಪ್ಟಿನಲ್ಲಿಯೂ 2015ರಲ್ಲಿ ‘ಲೆಟ್’ ಎಂಬ ಘೋಷಣೆಯು ಬಂದಿತು. ಒಂದೇ ಆವರಣದಲ್ಲಿ ಹೆಸರು ಮರುಕಳಿಸಿದರೆ ಅದು ಪ್ರೋಗ್ರಾಮನ್ನೇ ತಡೆದು ನಿಲ್ಲಿಸುವುದು.

ನಾವು ಲಿಪಿಕಾರನ ಕೈಯಲ್ಲಿ ಒಂದು ಹಾಜರಿ ಪುಸ್ತಕವನ್ನಿಟ್ಟೆವು: ಬರೆದ ಹೆಸರನ್ನೆಲ್ಲ ಅದರಲ್ಲಿ ಗುರುತಿಸಬೇಕು, ಮತ್ತೆ ಬಂದರೆ ನಿಂತು ಕೇಳಬೇಕು. ಲಿಪ್ಯಂತರವನ್ನಂತೂ ಬಿಟ್ಟೇಬಿಟ್ಟೆವು. ಜಾವಾಸ್ಕ್ರಿಪ್ಟಿಗೆ ಕನ್ನಡ ಅಕ್ಷರಗಳು ನಿಷಿದ್ಧವಲ್ಲ. ರೋಮನ್ ಲಿಪಿಯೇ ಬೇಕೆಂದವನು ಲಿಪಿಕಾರನೊಬ್ಬನೇ. ಆ ತಾಯಿಗೆ 300 ರೂಪಾಯಿ ಹಿಂದಕ್ಕೆ ಸಂದಿತು. ಈಗ ಆ ಪುಟದೊಳಗೆ ಕಲೆಯೂ ಕಳೆಯೂ ತಮ್ಮ ತಮ್ಮ ಅಕ್ಷರಗಳಲ್ಲಿಯೇ ಇವೆ.