ಇತಿಹಾಸಕಾರನ ಸತ್ಯನಿಷ್ಠೆ: ಸರ್ವೆಪಲ್ಲಿ ಗೋಪಾಲರ ನೆಹರೂ ಚರಿತ್ರೆ

ಗತಕಾಲದ ಅರಸರ ವೃತ್ತಾಂತವನ್ನು ಬರೆಯುವವನಿಗಿಂತ ಸಮಕಾಲೀನ ನಾಯಕನ ಚರಿತ್ರೆಯನ್ನು ಬರೆಯುವವನ ಹೊಣೆ ಗುರುತರವಾದುದು. 12ನೆಯ ಶತಮಾನದ ಕಲ್ಹಣನು ಚರಿತ್ರಕಾರನಿಗೆ ರಾಗದ್ವೇಷಗಳು ಸಲ್ಲವೆಂದು ವಿಧಿಸಿದನು. ಈ ಕಠಿನ ಪರೀಕ್ಷೆಗೆ ಒಳಗಾದ ಆಧುನಿಕ ವಿದ್ವಾಂಸರಲ್ಲಿ ಡಾ. ಸರ್ವೆಪಲ್ಲಿ ಗೋಪಾಲರು (1923–2002) ಗಣ್ಯರು. 1918ರಿಂದ 1921ರವರೆಗೆ ಮೈಸೂರಿನಲ್ಲಿ ತತ್ತ್ವಶಾಸ್ತ್ರವನ್ನು ಬೋಧಿಸಿದ ಡಾ. ರಾಧಾಕೃಷ್ಣನ್ ಅವರ ಪುತ್ರರಿವರು.

ಗೋಪಾಲರು ಕೇವಲ ಗ್ರಂಥಾಲಯದ ಪಂಡಿತರಾಗಿರಲಿಲ್ಲ. 1954ರಿಂದ ವಿದೇಶಾಂಗ ಸಚಿವಾಲಯದ ಇತಿಹಾಸ ವಿಭಾಗದ ನಿರ್ದೇಶಕರಾಗಿದ್ದರು. ಚೀನಾದೊಡನೆ ಗಡಿವಿವಾದವು ತಲೆದೋರಿದಾಗ, 1959ರಲ್ಲಿ ಲಂಡನ್ನಿನ ಹಳೆಯ ದಾಖಲೆಗಳನ್ನು ಶೋಧಿಸಿ, ಅಕ್ಸಾಯ್ ಚಿನ್ ಪ್ರದೇಶದ ಮೇಲೆ ಭಾರತದ ಹಕ್ಕು ಪ್ರಬಲವಾಗಿದೆಯೆಂದು ಪ್ರಧಾನಿ ನೆಹರೂ ಅವರಿಗೆ ನಿವೇದಿಸಿದರು. 1960ರಲ್ಲಿ ಪೀಕಿಂಗ್, ದೆಹಲಿ, ರಂಗೂನುಗಳಲ್ಲಿ ನಡೆದ ಉಭಯ ದೇಶಗಳ ಅಧಿಕಾರಿಗಳ ಮಾತುಕತೆಯಲ್ಲಿಯೂ ಪಾಲ್ಗೊಂಡರು. ಮಾತುಕತೆ ಫಲಿಸಲಿಲ್ಲ, 1962ರ ಅಕ್ಟೋಬರ್ 20ರಂದು ಯುದ್ಧವೇ ಸಂಭವಿಸಿತು.

ಮುಂದೆ ಅವರೇ ನೆಹರೂ ಅವರ ಜೀವನಚರಿತ್ರೆಯನ್ನು ಮೂರು ಸಂಪುಟಗಳಲ್ಲಿ (1975, 1979, 1984) ರಚಿಸಿದರು. ಅನ್ಯರಿಗೆ ಅಂದು ದೊರೆಯದಿದ್ದ ನೆಹರೂ ಅವರ ಪತ್ರಸಂಗ್ರಹವು ಇವರಿಗೆ ತೆರೆದಿತ್ತು. ಮೊದಲ ಸಂಪುಟಕ್ಕೆ 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ತಾವು ಸೇವೆಸಲ್ಲಿಸಿದ, ಮನಸಾರೆ ಗೌರವಿಸಿದ ನಾಯಕನ ಸೋಲನ್ನು ಅವರು ಹೇಗೆ ಬರೆದಾರು ಎಂಬ ಶಂಕೆ ಸಹಜವಾದುದೇ.

ಇದಕ್ಕೆ ಮೂರನೆಯ ಸಂಪುಟದಲ್ಲಿ ಉತ್ತರವುಂಟು. 1962ರ ನವೆಂಬರ್ 19ರಂದು, ಅಲಿಪ್ತ ನೀತಿಯ ಪ್ರವರ್ತಕರಾದ ನೆಹರೂ ಅವರು ಅಮೆರಿಕೆಯ ಅಧ್ಯಕ್ಷ ಕೆನಡಿಯವರಿಗೆ ಎರಡು ಪತ್ರಗಳನ್ನು ಬರೆದು, ಕನಿಷ್ಠ 12 ತುಕಡಿ ಯುದ್ಧವಿಮಾನಗಳನ್ನು ಬೇಡಿದರು. ಈ ವಿಷಯದಲ್ಲಿ ಸಂಪುಟದ ಸಹೋದ್ಯೋಗಿಗಳ ಸಲಹೆಯನ್ನೂ ಕೇಳಿರಲಿಲ್ಲ. ನಾಯಕನ ಕೀರ್ತಿಗೆ ಕುಂದು ತರಬಹುದಾದ ಈ ಸಂಗತಿಯನ್ನು ಗೋಪಾಲರು ಮುಚ್ಚಿಡದೆ ದಾಖಲಿಸಿದರು. ನೆಹರೂ ಅವರತ್ತ ಗ್ರಂಥಕ್ಕೆ ಒಲವು ಹೆಚ್ಚೆಂದು ವಿಮರ್ಶಕರು ಆಕ್ಷೇಪಿಸಿದ್ದುಂಟು. ಆ ಆಕ್ಷೇಪವನ್ನು ಸಂಪೂರ್ಣವಾಗಿ ತಳ್ಳಿಹಾಕಲಾಗದು. ವಿಶೇಷವಾಗಿ ಗಡಿಯ ಹಕ್ಕಿನ ಪ್ರಶ್ನೆಯಲ್ಲಿ ಅವರು ಸಾಕ್ಷಿಯೂ ಹೌದು, ನಿರ್ಣಾಯಕರೂ ಹೌದು. ಆದರೆ ಒಲವಿದ್ದೂ ಪ್ರತಿಕೂಲವಾದ ಸಾಕ್ಷ್ಯವನ್ನು ಓದುಗನ ಮುಂದಿಟ್ಟ ಕಾರಣದಿಂದಲೇ, ಅವರ ತೀರ್ಮಾನವನ್ನು ಒಪ್ಪದವರೂ ಆ ಗ್ರಂಥವನ್ನು ಆಧಾರವಾಗಿ ಬಳಸುವಂತಾಯಿತು.

ನೆರೆರಾಷ್ಟ್ರಗಳ ಸಂಬಂಧವು ನಾಯಕರ ಸೌಹಾರ್ದದಿಂದ ಮಾತ್ರ ನಿಲ್ಲದು, ಪ್ರಾಚೀನ ದಾಖಲೆಗಳಿಂದ ಮಾತ್ರವೂ ನಿಲ್ಲದು ಎಂಬುದು ಈ ಚರಿತ್ರೆಯಿಂದ ವಿದಿತವಾಗುತ್ತದೆ. ಶಾಲೆಯಲ್ಲಿ ಇತಿಹಾಸ ಬೋಧಿಸುವ ಉಪಾಧ್ಯಾಯರಿಗೂ, ತಮ್ಮ ಪ್ರೀತಿಯ ಸಂಸ್ಥೆಗಳ ಚರಿತ್ರೆಯನ್ನು ಬರೆಯಹೊರಡುವವರಿಗೂ ಇಲ್ಲಿ ಪಾಠವುಂಟು. ಗೌರವಕ್ಕೆ ಪಾತ್ರರಾದವರ ನ್ಯೂನತೆಯನ್ನು ವಿನಯದಿಂದ, ಆಧಾರಸಹಿತವಾಗಿ ಹೇಳುವುದು ಅಗೌರವವಲ್ಲ. ಅದು ಮುಂದಿನ ಪೀಳಿಗೆಗೆ ಸಲ್ಲಿಸಬೇಕಾದ ಋಣ.