ನ್ಯುಮೋನಿಯಾ: ರಕ್ತಸೂಚಕಗಳು ಹೇಳುವುದೇನು?

ಜ್ವರ, ಕೆಮ್ಮು, ಏದುಸಿರು ಬ್ಯಾಕ್ಟೀರಿಯಾ ನ್ಯುಮೋನಿಯಾದಲ್ಲೂ ಇರುತ್ತವೆ, ವೈರಸ್ ನ್ಯುಮೋನಿಯಾದಲ್ಲೂ. ಆಂಟಿಬಯೋಟಿಕ್ ಕೆಲಸ ಮಾಡುವುದು ಮೊದಲನೆಯದರಲ್ಲಿ ಮಾತ್ರ. ಇವೆರಡನ್ನು ಬೇರ್ಪಡಿಸಲು ರಕ್ತಸೂಚಕಗಳು ನೆರವಾಗುತ್ತವೆ. ಅವುಗಳಲ್ಲೊಂದಾದ ಸಿ-ರಿಯಾಕ್ಟಿವ್ ಪ್ರೋಟೀನನ್ನು 1930ರಲ್ಲಿ ವಿಜ್ಞಾನಿಗಳಾದ ಟಿಲೆಟ್ ಮತ್ತು ಫ್ರಾನ್ಸಿಸ್ ನ್ಯುಮೋನಿಯಾ ರೋಗಿಗಳ ರಕ್ತದಲ್ಲೇ ಗುರುತಿಸಿದರು. ಆದರೆ ಯಕೃತ್ತಿನಲ್ಲಿ ತಯಾರಾಗುವ ಇದು ಯಾವುದೇ ಉರಿಯೂತದಲ್ಲೂ ಏರಬಹುದು.

ಎಚ್ಚರದಿಂದ ಅರ್ಥೈಸಬೇಕಾದ ಇನ್ನೊಂದು ಸೂಚಕ ಪ್ರೊಕ್ಯಾಲ್ಸಿಟೋನಿನ್. ಇದು ಥೈರಾಯ್ಡ್ ಗ್ರಂಥಿಯ ಸಿ-ಕೋಶಗಳಲ್ಲಿ ಹುಟ್ಟುವ ಕ್ಯಾಲ್ಸಿಟೋನಿನ್ ಹಾರ್ಮೋನಿನ ಪೂರ್ವರೂಪ. ಬ್ಯಾಕ್ಟೀರಿಯಾ ಸೋಂಕಿದಾಗ ಬೇರೆ ಅಂಗಾಂಶಗಳೂ ಇದನ್ನು ಉತ್ಪಾದಿಸುತ್ತವೆ. ವೈರಸ್ ಸೋಂಕಿನಲ್ಲಿ ಇಂಟರ್‌ಫೆರಾನ್-ಗಾಮಾ ಎಂಬ ಪ್ರತಿರಕ್ಷಣಾ ಪ್ರೋಟೀನ್ ಆ ಉತ್ಪಾದನೆಗೆ ತಡೆಯೊಡ್ಡುತ್ತದೆ. ರಕ್ತದಲ್ಲಿ ಪ್ರೊಕ್ಯಾಲ್ಸಿಟೋನಿನ್ ಪ್ರಮಾಣ ಪ್ರತಿ ಮಿಲಿಲೀಟರಿಗೆ 0.25 ನ್ಯಾನೊಗ್ರಾಂ ಮೀರಿದರೆ ಬ್ಯಾಕ್ಟೀರಿಯಾದ ಶಂಕೆ ಬಲವಾಗುತ್ತದೆ. ಆದರೂ ಎಕ್ಸ್‌ರೇಯಲ್ಲಿ ನ್ಯುಮೋನಿಯಾ ಖಚಿತವಾದ ವಯಸ್ಕರಿಗೆ, ಈ ಅಂಕಿ ಕಡಿಮೆಯಿದ್ದರೂ ಆಂಟಿಬಯೋಟಿಕ್ ಆರಂಭಿಸಬೇಕೆಂದು ಅಮೆರಿಕದ 2019ರ ಮಾರ್ಗಸೂಚಿ ಹೇಳುತ್ತದೆ.