ಬೆಟ್ಟದಲ್ಲಿ ನೀರಿನ ಉಗ್ರಾಣ

ಸಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರು ತಾಲೂಕುಗಳಲ್ಲಿ ಮಳೆಗೆ ಬಡತನವಿಲ್ಲವೆಂಬುದು ಸರ್ವರಿಗೂ ತಿಳಿದ ಸಂಗತಿಯೇ. ಆದರೂ ಏಪ್ರಿಲ್ ಬಂತೆಂದರೆ ಅನೇಕ ಮನೆಗಳ ಬಾವಿಯಲ್ಲಿ ಕೊಡ ಮುಳುಗದು. ಇದಕ್ಕೆ ಕಾರಣವೇನೆಂಬುದನ್ನು ನಾವು ಇಲ್ಲಿ ವಿಚಾರಿಸೋಣ.

ಸಿರಸಿಯಲ್ಲಿ ವರ್ಷಕ್ಕೆ ಸುಮಾರು 2,500 ಮಿಲಿಮೀಟರು ಮಳೆ ಬೀಳುವದು. ಅಂದರೆ ಒಂದು ಎಕರೆಯ ಮೇಲೆ ಸುಮಾರು ಒಂದು ಕೋಟಿ ಲೀಟರು ನೀರು. ಆದರೆ ಇದರಲ್ಲಿ ಬಹುಭಾಗವು ಜೂನಿನಿಂದ ಸಪ್ಟೆಂಬರಿನ ವರೆಗೆ ನಾಲ್ಕೇ ತಿಂಗಳಲ್ಲಿ ಸುರಿದುಹೋಗುವದು. ಉಳಿದ ಎಂಟು ತಿಂಗಳಿಗೆ ಅದನ್ನು ಕೂಡಿಡುವವರಾರು? ಕೆನಡಾ, ಫಿನ್‌ಲೆಂಡ್ ಮೊದಲಾದ ಶೀತದೇಶಗಳ ಕಾಡುಗಳಲ್ಲಿ ಚಳಿಗಾಲದ ಹಿಮವೂ ಪಾಚಿ ತುಂಬಿದ ಜೌಗು ನೆಲವೂ ಈ ಕೆಲಸವನ್ನು ಮಾಡುವವು. ಹಿಮವಿಲ್ಲದ ನಮ್ಮ ಸೀಮೆಯಲ್ಲಿ ಕಾಡಿನ ಮಣ್ಣೇ ನೀರಿನ ಉಗ್ರಾಣವು.

ಮರದ ಎಲೆಗಳು ಮಳೆಹನಿಯ ಪೆಟ್ಟನ್ನು ತಡೆಯುವವು. ನೆಲದ ಮೇಲಿನ ದರಕು ನೀರಿನ ಓಟವನ್ನು ತಗ್ಗಿಸುವದು. ಬೇರುಗಳೂ ಎರೆಹುಳಗಳೂ ಮಾಡಿದ ದಾರಿಯಿಂದ ನೀರು ಒಳಗೆ ಇಂಗುವದು. ಹೀಗೆ ಇಂಗಿದ ನೀರೇ ತಿಂಗಳುಗಳ ತರುವಾಯ ಕಣಿವೆಯಲ್ಲಿ ಒರತೆಯಾಗಿ ಹೊರಡುವದು. ಸಿದ್ದಾಪುರ ತಾಲೂಕಿನ ಕತ್ತಲೆಕಾನಿನಲ್ಲಿ ರಾಮಪತ್ರೆಯ ಜಡ್ಡಿಗಳುಂಟು. ಬೇರುಗಳನ್ನು ಮೊಣಕಾಲಿನಂತೆ ಮೇಲೆತ್ತಿ ಕೆಸರಿನಲ್ಲಿ ನಿಂತ ಆ ಮರಗಳ ತಾಣವು ಬೇಸಗೆಯಲ್ಲಿಯೂ ತೇವವಾಗಿರುವದು.

ನಮ್ಮ ಹಿರಿಯರು ತೋಟವನ್ನು ಕಣಿವೆಯಲ್ಲಿ ಮಾಡಿ, ಅದರ ಮೇಲಣ ಇಳಿಜಾರನ್ನು ಸೊಪ್ಪಿನ ಬೆಟ್ಟವಾಗಿ ಉಳಿಸಿಕೊಂಡರು. ಬ್ರಿಟಿಷರ ಆಳಿಕೆಯಲ್ಲಿ 1 ಎಕರೆ ಅಡಿಕೆ ತೋಟಕ್ಕೆ 9 ಎಕರೆಯ ವರೆಗೆ ಬೆಟ್ಟದ ಸವಲತ್ತು ದೊರೆಯಿತು. ಬೆಟ್ಟವು ಗೊಬ್ಬರದ ಭಂಡಾರವೆಂದು ಎಲ್ಲರೂ ಬಲ್ಲರು. ಅದು ನೀರಿನ ಭಂಡಾರವೂ ಆಗಿದೆಯೆಂಬುದನ್ನು ಮರೆಯುವದುಂಟು. ವರ್ಷ ವರ್ಷವೂ ಮರಗಳ ತಲೆ ಸವರಿ, ದರಕನ್ನೆಲ್ಲ ಗುಡಿಸಿದರೆ ನೆಲವು ಗಟ್ಟಿಯಾಗುವದು. ಆಗ ಮಳೆಯ ನೀರು ಇಂಗದೆ, ಮೇಲ್ಮಣ್ಣನ್ನೂ ಹೊತ್ತುಕೊಂಡು ಅಘನಾಶಿನಿಗೋ ಬೇಡ್ತಿಗೋ ವರದೆಗೋ ಓಡುವದು. 1983ರ ಸಪ್ಟೆಂಬರ್ 8ರಂದು ಸಾಲ್ಕಣಿಯ ಸುತ್ತಣ ಸ್ತ್ರೀಪುರುಷರು ಕಳಸೆಯ ಕಾಡಿನಲ್ಲಿ ಮರಗಳನ್ನು ಅಪ್ಪಿ ನಿಂತು ಕಡಿತವನ್ನು ತಡೆದರು. ಕಾಡು ಹೋದರೆ ನೀರೂ ಹೋಗುವದೆಂಬುದು ಅವರಿಗೆ ಅನುಭವದಿಂದ ತಿಳಿದಿತ್ತು.

ಈಗ ಮಾಡತಕ್ಕದ್ದೇನು? ದರಕಿನಲ್ಲಿ ಒಂದು ಪಾಲನ್ನು ನೆಲಕ್ಕೇ ಬಿಡಬೇಕು. ಬೆಟ್ಟಕ್ಕೆ ಬೆಂಕಿ ತಾಗಗೊಡಬಾರದು. ಹಳೆಯ ಕೆರೆಗಳ ಹೂಳನ್ನು ತೆಗೆಯಬೇಕು. ಇಳಿಜಾರು ಅಲ್ಪವಾಗಿರುವಲ್ಲಿ ಅಡ್ಡಲಾಗಿ ಇಂಗುಗುಂಡಿಗಳನ್ನು ತೋಡಬಹುದು. 10 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಆಳದ ಗುಂಡಿಯು ಒಮ್ಮೆ ತುಂಬಿದರೆ 1,100 ಲೀಟರಿಗೂ ಮಿಕ್ಕಿ ನೀರು ನಿಲ್ಲುವದು; ಮಳೆಗಾಲದಲ್ಲಿ ಅದು ಅನೇಕ ಸಾರಿ ತುಂಬಿ ಇಂಗುವದು. ಆದರೆ ಕಡಿದಾದ ಗುಡ್ಡದಲ್ಲಿ ಗುಂಡಿ ತೋಡುವದು ಅಪಾಯಕರ. ನೀರುಂಡ ಮಣ್ಣು ಜಾರೀತು. 2021ರ ಜುಲೈ ತಿಂಗಳ ಅತಿವೃಷ್ಟಿಯಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯ ಗುಡ್ಡಗಳು ಕುಸಿದು ತೋಟಮನೆಗಳು ಹಾಳಾದುದನ್ನು ನಾವು ಮರೆಯಲಾಗದು. ಅಂಥ ಸ್ಥಳದಲ್ಲಿ ಮರಗಳನ್ನು ಬೆಳೆಸಿ ಕಾಯುವದೇ ಲೇಸು.

ಬಾವಿ ಬತ್ತಿದಾಗ ಕೊಡ ಹೊತ್ತು ದೂರ ನಡೆಯುವವರು ಹೆಂಗಸರು ಮತ್ತು ಮಕ್ಕಳು. ಆದುದರಿಂದ ಈಗ ಮನೆವಾರ್ತೆಯನ್ನು ನಡೆಸುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಬೆಟ್ಟದ ವಿಚಾರವನ್ನು ಗಂಡಸರಿಗೇ ಬಿಟ್ಟುಕೊಡದೆ, ಎಷ್ಟು ಸೊಪ್ಪು ಕಡಿಯಬೇಕು, ಎಷ್ಟು ದರಕು ಉಳಿಸಬೇಕು ಎಂಬುದರಲ್ಲಿ ತಮ್ಮ ಮಾತನ್ನೂ ಸೇರಿಸಬೇಕೆಂದು ನಾವು ಕೇಳಿಕೊಳ್ಳುತ್ತೇವೆ. ಪಾಲಕರೂ ಆ ಮಾತಿಗೆ ಕಿವಿಗೊಡಲಿ.